ದಿನ ತುಂಬದೆ ಹುಟ್ಟಿದ ಮಗುವಿಗೆ ಎಣ್ಣೆ ಹಚ್ಚಬಹುದೇ?

ಓದುಗರ ಪ್ರಶ್ನೆ, ಮಕ್ಕಳ ವೈದ್ಯರ ಉತ್ತರ

ಪ್ರಶ್ನೆ: ನನ್ನ ಮಗಳಿಗೆ 31ನೇ ವಾರದಲ್ಲೇ ಹೆರಿಗೆಯಾಯಿತು. ಹುಟ್ಟಿದಾಗ ಮಗುವಿನ ತೂಕ 1,450 ಗ್ರಾಂ. ಐದು ವಾರ ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಇದ್ದು ಈಗ ಮನೆಗೆ ಬಂದಿದೆ. ತೂಕ 1,900 ಗ್ರಾಂ ಆಗಿದೆ. ಆಸ್ಪತ್ರೆಯಲ್ಲಿ ಸಿಸ್ಟರ್‌ಗಳು ದಿನಕ್ಕೆ ಎರಡು ಸಲ ಕೊಬ್ಬರಿ ಎಣ್ಣೆ ಸವರುತ್ತಿದ್ದರು. ಮನೆಗೆ ಕಳಿಸುವಾಗ ಮಾತ್ರ ಬೇರೊಬ್ಬ ವೈದ್ಯರು ‘ಎಣ್ಣೆ ಮಸಾಜ್ ಏನೂ ಬೇಡ’ ಎಂದರು. ಎಣ್ಣೆ ಹಚ್ಚಿ, ತಿಕ್ಕಿ, ಬಿಸಿನೀರು ಎರೆಯದಿದ್ದರೆ ಕೂಸು ಗಟ್ಟಿಯಾಗುವುದಿಲ್ಲ ಎಂದು ನಮ್ಮ ಬೀಗಿತ್ತಿ ಹೇಳುತ್ತಿದ್ದಾರೆ. ಯಾರ ಮಾತು ಕೇಳಬೇಕು?
(ರಾಣೆಬೆನ್ನೂರಿನ ಓದುಗರು)

ಉತ್ತರ: ಆಸ್ಪತ್ರೆಯಲ್ಲಿ ಕೇಳಿದ ಎರಡು ಮಾತುಗಳು ಒಂದಕ್ಕೊಂದು ವಿರುದ್ಧವೆಂದು ನಿಮಗೆ ತೋರಿರುವುದು ಸಹಜ. ಆದರೆ ಒಂದು ಎಣ್ಣೆ ಸವರುವುದರ ಬಗ್ಗೆ, ಇನ್ನೊಂದು ಎಣ್ಣೆ ಹಾಕಿ ಮೈ ತಿಕ್ಕುವುದರ ಬಗ್ಗೆ ಹೇಳಿದ್ದಾಗಿರುವ ಸಂಭವವೇ ಹೆಚ್ಚು. ದಿನ ತುಂಬದ ಕೂಸಿನ ಮಟ್ಟಿಗೆ ಇವೆರಡೂ ಬೇರೆ ಬೇರೆ ಕೆಲಸಗಳು. ಮೊದಲನೆಯದಕ್ಕೆ ಒಪ್ಪಿಗೆ ಕೊಡಬಹುದು. ಎರಡನೆಯದಕ್ಕೆ ಈಗಲೇ ಕೊಡಲಾಗದು.

ಕಾರಣ ಚರ್ಮದಲ್ಲಿದೆ. ಚರ್ಮದ ಎಲ್ಲಕ್ಕಿಂತ ಹೊರಗಿನ ಪದರವು ಒಣಗಿದ ಜೀವಕೋಶಗಳಿಂದಲೂ ಅವುಗಳ ನಡುವೆ ತುಂಬಿಕೊಂಡ ಕೊಬ್ಬಿನಂಶದಿಂದಲೂ ಆದದ್ದು. ಮೈಯೊಳಗಿನ ನೀರು ಆವಿಯಾಗಿ ಹೋಗದಂತೆ, ಹೊರಗಿನ ರೋಗಾಣು ಒಳಕ್ಕೆ ಬಾರದಂತೆ ತಡೆಯುವುದು ಈ ಪದರವೇ. ಗರ್ಭದಲ್ಲಿ ಅದು ಬಲಿಯುವುದು ಕೊನೆಯ ತಿಂಗಳುಗಳಲ್ಲಿ. ತಿಂಗಳು ತುಂಬಿದ ಮಗುವಿನಲ್ಲಿ ಈ ಕೋಶಗಳ ಸಾಲುಗಳು ಹತ್ತಕ್ಕೂ ಹೆಚ್ಚಿದ್ದರೆ, 28 ವಾರಕ್ಕೂ ಮುಂಚೆ ಹುಟ್ಟಿದ ಮಗುವಿನಲ್ಲಿ ಎರಡು ಮೂರು ಸಾಲು ಕಂಡರೆ ಹೆಚ್ಚು. ಆ ಕೂಸುಗಳ ಚರ್ಮ ಕೆಂಪಾಗಿ, ಹೊಳೆಯುತ್ತಾ, ಒಳಗಿನ ರಕ್ತನಾಳಗಳು ಕಾಣುವಷ್ಟು ತೆಳುವಾಗಿರುತ್ತದೆ. ಅಂಟಿಸಿದ ಟೇಪನ್ನು ಕೀಳುವಾಗ ಅದರೊಂದಿಗೆ ಚರ್ಮವೂ ಏಳುತ್ತದೆ. ಹುಟ್ಟಿದ ಮೇಲೆ ಗಾಳಿ ತಗುಲಿ, ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳಲ್ಲಿ ಇದು ಸಾಕಷ್ಟು ಬಲಿಯುತ್ತದೆ. 25 ವಾರಕ್ಕೂ ಮುಂಚೆ ಹುಟ್ಟಿದವಕ್ಕೆ ಇನ್ನೂ ಹೆಚ್ಚು ಕಾಲ ಬೇಕು. ನಿಮ್ಮ ಮೊಮ್ಮಗು ಈ ಹಂತವನ್ನು ಬಹುಮಟ್ಟಿಗೆ ದಾಟಿದೆ. ಆದ್ದರಿಂದ ಎನ್‌ಐಸಿಯುವಿನ ಮೊದಲ ವಾರದ ಎಚ್ಚರಿಕೆಗಳೆಲ್ಲವೂ ಇಂದು ನಿಮ್ಮ ಮನೆಗೆ ಅನ್ವಯಿಸುವುದಿಲ್ಲ.

ಹಚ್ಚಿದ್ದು ಮೈಯೊಳಕ್ಕೆ ಹೋಗುತ್ತದೆ ಎಂಬುದನ್ನು ಮಾತ್ರ ಯಾವ ಹಂತದಲ್ಲೂ ಮರೆಯಬಾರದು. 1972ರಲ್ಲಿ ಫ್ರಾನ್ಸಿನಲ್ಲಿ ಮಕ್ಕಳ ಪೌಡರೊಂದಕ್ಕೆ ತಯಾರಿಕೆಯ ಹಂತದಲ್ಲಿ ಹೆಕ್ಸಾಕ್ಲೋರೋಫೀನ್ ಎಂಬ ರೋಗಾಣುನಾಶಕ ಬಹಳ ಹೆಚ್ಚಿನ ಪ್ರಮಾಣದಲ್ಲಿ ಸೇರಿಹೋಗಿ, ಅದನ್ನು ಮೈಗೆ ಹಚ್ಚಿಸಿಕೊಂಡ 36 ಮಕ್ಕಳು ಸತ್ತರು. ಯಾರೂ ಅದನ್ನು ಬಾಯಿಗೆ ಹಾಕಿರಲಿಲ್ಲ. ಎಣ್ಣೆಗೂ ಇದೇ ಮಾತು, ಒಳ್ಳೆಯ ಅರ್ಥದಲ್ಲಿ. ಮುಂಬೈಯಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕೆಲವು ನವಜಾತ ಶಿಶುಗಳಿಗೆ ಕುಸುಬೆ ಎಣ್ಣೆಯನ್ನೂ ಕೆಲವಕ್ಕೆ ಕೊಬ್ಬರಿ ಎಣ್ಣೆಯನ್ನೂ ಹಚ್ಚಿ ರಕ್ತ ಪರೀಕ್ಷಿಸಿದಾಗ, ಆಯಾ ಎಣ್ಣೆಯ ಕೊಬ್ಬಿನಾಮ್ಲಗಳೇ ಆಯಾ ಮಕ್ಕಳ ರಕ್ತದಲ್ಲಿ ಏರಿದ್ದು ಕಂಡಿತು. ದೊಡ್ಡವರಿಗೆ ಹೋಲಿಸಿದರೆ ಮಗುವಿನ ತೂಕಕ್ಕೆ ಚರ್ಮದ ವಿಸ್ತಾರವೇ ಹೆಚ್ಚು; ಹೀಗಾಗಿ ಒಳಸೇರುವ ಪಾಲೂ ಹೆಚ್ಚು.

ಎಣ್ಣೆಯಿಂದ ಲಾಭವಿದೆಯೇ ಎಂಬುದಕ್ಕೆ ಬಂದರೆ, ಹೆಚ್ಚು ಹೆಸರಾದದ್ದು ಢಾಕಾದ ಮಕ್ಕಳ ಆಸ್ಪತ್ರೆಯಲ್ಲಿ 1998ರಿಂದ 2003ರವರೆಗೆ ನಡೆದ ಪ್ರಯೋಗ. 33 ವಾರಕ್ಕೂ ಮುಂಚೆ ಹುಟ್ಟಿದ 497 ಮಕ್ಕಳನ್ನು ಮೂರು ಗುಂಪು ಮಾಡಿ, ಒಂದಕ್ಕೆ ಸೂರ್ಯಕಾಂತಿ ಎಣ್ಣೆ, ಇನ್ನೊಂದಕ್ಕೆ ಪೆಟ್ರೋಲಿಯಂ ಮೂಲದ ಮುಲಾಮು, ಮತ್ತೊಂದಕ್ಕೆ ಎಂದಿನ ಆರೈಕೆ ಎಂದು ನಿಗದಿಮಾಡಿದ್ದರು. ಎಣ್ಣೆ ಹಚ್ಚಿಸಿಕೊಂಡ ಮಕ್ಕಳಲ್ಲಿ ಆಸ್ಪತ್ರೆಯಲ್ಲಿ ತಗುಲುವ ರಕ್ತದ ಸೋಂಕು ಶೇ 41ರಷ್ಟು, ಸಾವು ಶೇ 26ರಷ್ಟು ಕಡಿಮೆಯಾಯಿತು. ಕೈಗೆಟುಕುವ ಬೆಲೆಯ ಅಡುಗೆ ಎಣ್ಣೆಯೊಂದು ಇಷ್ಟು ಮಾಡಿತೆಂದರೆ ಸಂತೋಷವಾಗುವುದು ಸಹಜವೇ. ಆದರೆ ಅನಂತರ ಬೇರೆ ಬೇರೆ ದೇಶಗಳ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದ ಕೊಕ್ರೇನ್ ಸಂಸ್ಥೆಯ ವಿಮರ್ಶೆಗಳು, ಇಂಥ ಲೇಪಗಳು ಸೋಂಕನ್ನಾಗಲಿ ಸಾವನ್ನಾಗಲಿ ತಡೆಯುತ್ತವೆಂದು ಖಚಿತವಾಗಿ ಹೇಳಲಾಗದು ಎಂಬ ತೀರ್ಮಾನಕ್ಕೆ ಬಂದವು. ಅಮೆರಿಕದಲ್ಲಂತೂ 1,000 ಗ್ರಾಂಗೂ ಕಡಿಮೆ ತೂಕದ ಮಕ್ಕಳಿಗೆ ಪೆಟ್ರೋಲಿಯಂ ಮುಲಾಮನ್ನು ದಿನವೂ ಹಚ್ಚಿ ನೋಡಿದಾಗ, 750 ಗ್ರಾಂವರೆಗಿನ ತೀರಾ ಸಣ್ಣ ಕೂಸುಗಳಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾ ಸೋಂಕು ಹೆಚ್ಚಾಗಿಯೇ ಕಂಡುಬಂತು. ಇವೆಲ್ಲವನ್ನೂ ತೂಗಿದ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ, ದಿನ ತುಂಬದ ಅಥವಾ ಕಡಿಮೆ ತೂಕದ ಶಿಶುಗಳ ಮೈಗೆ ಎಣ್ಣೆ ಹಚ್ಚುವುದನ್ನು ‘ಪರಿಗಣಿಸಬಹುದು’ ಎಂದಷ್ಟೇ ಹೇಳಿತು. ಹಚ್ಚಲೇಬೇಕು ಎನ್ನಲಿಲ್ಲ, ಕೂಡದು ಎಂದೂ ಅನ್ನಲಿಲ್ಲ. ಅದೇ ಶಿಫಾರಸುಗಳಲ್ಲಿ ತಾಯಿಯ ಎದೆಹಾಲು ಮತ್ತು ಕಾಂಗರೂ ಆರೈಕೆಗೆ (ಮಗುವನ್ನು ಬರಿ ಎದೆಗೆ ಅಪ್ಪಿಕೊಂಡಿರುವುದು) ಕೊಟ್ಟ ಒತ್ತನ್ನು ನೋಡಿದರೆ ಎಣ್ಣೆಯ ಸ್ಥಾನ ಎಷ್ಟನೆಯದು ಎಂಬುದು ತಿಳಿಯುತ್ತದೆ. ಎಣ್ಣೆ ಹಚ್ಚುವ ಗಡಿಬಿಡಿಯಲ್ಲಿ ಹಾಲೂಡುವ ಹೊತ್ತು ತಪ್ಪುತ್ತಿದ್ದರೆ ಎಣ್ಣೆಯನ್ನು ಬಿಡಿ.

ಆದ್ದರಿಂದ ನಿಮ್ಮ ಮನೆಯಲ್ಲಿ ಹೀಗೆ ಮಾಡಬಹುದು. ಆಸ್ಪತ್ರೆಯಲ್ಲಿ ಬಳಸಿದ ಕೊಬ್ಬರಿ ಎಣ್ಣೆಯನ್ನೇ ಮುಂದುವರಿಸಿ. ಮಗುವಿಗೆ ಅದು ಒಗ್ಗಿದೆ. ಬಾಗಿಲು ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಕೋಣೆ ಬೆಚ್ಚಗಿರುವಾಗ, ಕೈ ತೊಳೆದು, ಉಂಗುರ ಬಳೆ ತೆಗೆದು, ಉಗುರು ಕತ್ತರಿಸಿಕೊಂಡು ಕುಳಿತುಕೊಳ್ಳಿ. ಒಂದು ಟೀ ಚಮಚಕ್ಕೆ ಮೀರದಷ್ಟು ಎಣ್ಣೆಯನ್ನು ಅಂಗೈಗೆ ಸುರಿದುಕೊಂಡು, ಎರಡೂ ಕೈಗೆ ಹರಡಿ, ಮೈಯ ಒಂದು ಭಾಗವನ್ನಷ್ಟೇ ತೆರೆದು ಸವರಿ, ಮತ್ತೆ ಹೊದಿಸಿ, ಇನ್ನೊಂದು ಭಾಗಕ್ಕೆ ಹೋಗಿ. ಬೆರಳನ್ನು ಸೀಸೆಯೊಳಗೆ ಅದ್ದಬೇಡಿ. ಮನೆಮಂದಿಯೆಲ್ಲ ತಲೆಗೆ ಹಚ್ಚಿಕೊಳ್ಳುವ ಸೀಸೆಯನ್ನು ಮಗುವಿಗೆ ಬಳಸಲೇಬೇಡಿ. ಎಣ್ಣೆಯ ಕೈಯಲ್ಲಿ ಮಗುವನ್ನು ಎತ್ತುವಾಗ ಅದು ಜಾರುತ್ತದೆ, ಆದ್ದರಿಂದ ಬಟ್ಟೆ ಸುತ್ತಿಯೇ ಎತ್ತಿ.

ಬೀಗಿತ್ತಿಯವರ ಮಾತನ್ನು ತಳ್ಳಿಹಾಕಬೇಡಿ. ಅವರ ಕೈಯಲ್ಲಿ ಬೆಳೆದ ಮಕ್ಕಳು ತಿಂಗಳು ತುಂಬಿ ಹುಟ್ಟಿದವು, ಅವಕ್ಕೆ ಆ ಪದ್ಧತಿ ನಡೆಯಿತು. ಕಾಲು ನೀಡಿ ಕುಳಿತು, ಮಗುವನ್ನು ಕಾಲ ಮೇಲೆ ಬೋರಲು ಹಾಕಿಕೊಂಡು, ಕೈಕಾಲುಗಳನ್ನು ಎಳೆದು, ಬೆನ್ನು ನೀವಿ, ಚೊಂಬಿನಿಂದ ನೀರು ಎರೆಯುವ ಕ್ರಮ 1,900 ಗ್ರಾಂ ಕೂಸಿಗೆ ಹೊಂದುವುದಿಲ್ಲ. ದಿನ ತುಂಬದ ಮಕ್ಕಳಲ್ಲಿ ಮೂಳೆಯ ಸುಣ್ಣದಂಶ ಕಡಿಮೆಯಿರಬಹುದು. ಬೋರಲಾಗಿ ನೀರು ಬೀಳುವಾಗ ಅಂಥ ಮಕ್ಕಳು ಉಸಿರು ಹಿಡಿಯುವುದೂ ಉಂಟು. ಒದ್ದೆ ಮೈ ತಣ್ಣಗಾದರೆ ತೂಕ ಏರುವುದು ನಿಲ್ಲುತ್ತದೆ. ತೂಕ ಎರಡೂವರೆ ಕಿಲೋ ಸಮೀಪಿಸಿ, ವೈದ್ಯರು ಒಪ್ಪಿದ ಮೇಲೆ, ಅವರೇ ನಿಧಾನವಾಗಿ ಶುರುಮಾಡಲಿ. ಅಲ್ಲಿಯವರೆಗೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿದರೆ ಸಾಕು.

ಪ್ರಶ್ನೆ: ನನ್ನ ಮಗು 34 ವಾರಕ್ಕೆ ಹುಟ್ಟಿದ್ದು. ಅಂಗಡಿಯಲ್ಲಿ ರೀಫೈಂಡ್ ಸೂರ್ಯಕಾಂತಿ ಎಣ್ಣೆ, ಗಾಣದ ಕೊಬ್ಬರಿ ಎಣ್ಣೆ, ‘ಬೇಬಿ ಆಯಿಲ್’ ಎಲ್ಲವೂ ಇವೆ. ವಿದೇಶದಲ್ಲಿರುವ ನಾದಿನಿ ಆಲಿವ್ ಎಣ್ಣೆ ಕಳಿಸಿದ್ದಾಳೆ. ಯಾವುದು ಒಳ್ಳೆಯದು?
(ಬೆಂಗಳೂರಿನ ಓದುಗರು)

ಉತ್ತರ: ಆಲಿವ್ ಎಣ್ಣೆಯನ್ನು ಅಡುಗೆಗೆ ಬಳಸಿ. ನಾನು ಇದನ್ನು ತಮಾಷೆಗೆ ಹೇಳುತ್ತಿಲ್ಲ. ಸೂರ್ಯಕಾಂತಿ ಎಣ್ಣೆಯಲ್ಲಿ ಹೆಚ್ಚಾಗಿರುವುದು ಲಿನೋಲಿಕ್ ಆಮ್ಲ, ಆಲಿವ್ ಎಣ್ಣೆಯಲ್ಲಿ ಹೆಚ್ಚಾಗಿರುವುದು ಒಲೀಕ್ ಆಮ್ಲ. ಲಿನೋಲಿಕ್ ಆಮ್ಲವು ಚರ್ಮದ ಹೊರಪದರ ತನ್ನ ತಡೆಗೋಡೆಯನ್ನು ಕಟ್ಟಿಕೊಳ್ಳಲು ಬೇಕಾದ ಸಾಮಗ್ರಿಗಳಲ್ಲಿ ಒಂದು. ಒಲೀಕ್ ಆಮ್ಲ ಅತಿಯಾದರೆ ಆ ಪದರದ ಕೊಬ್ಬಿನ ಜೋಡಣೆ ಸಡಿಲವಾಗುತ್ತದೆ. ಔಷಧ ಚರ್ಮದ ಮೂಲಕ ಒಳಗೆ ಹೋಗಲೆಂದು ಔಷಧ ತಯಾರಕರು ಬೇಕೆಂದೇ ಬಳಸುವ ವಸ್ತು ಅದು. 2013ರಲ್ಲಿ ದೊಡ್ಡವರ ಮೇಲೆ ನಡೆದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ ಆಲಿವ್ ಎಣ್ಣೆ ಹಚ್ಚಿದ ಜಾಗದ ಚರ್ಮದ ಹೊರಪದರ ದುರ್ಬಲವಾಯಿತು, ಸೂರ್ಯಕಾಂತಿ ಎಣ್ಣೆ ಹಚ್ಚಿದ ಜಾಗದಲ್ಲಿ ಹಾಗಾಗಲಿಲ್ಲ. ಆದರೆ ಮ್ಯಾಂಚೆಸ್ಟರ್‌ನಲ್ಲಿ ತಿಂಗಳು ತುಂಬಿದ ನವಜಾತ ಶಿಶುಗಳಿಗೆ ಎರಡನ್ನೂ ಹಚ್ಚಿ ನೋಡಿ 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಎಣ್ಣೆ ಹಚ್ಚಿದ ಎರಡೂ ಗುಂಪುಗಳಲ್ಲಿ ಚರ್ಮದ ತೇವ ಹೆಚ್ಚಿದರೂ ಕೊಬ್ಬಿನ ಪದರಗಳು ಬಲಿಯುವುದು ಏನೂ ಹಚ್ಚದ ಮಕ್ಕಳಿಗಿಂತ ಹಿಂದುಳಿಯಿತು. ಸೂರ್ಯಕಾಂತಿಯೂ ಕಣ್ಣುಮುಚ್ಚಿ ಹಚ್ಚುವಂಥದ್ದಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಜೊತೆಗೆ, ಈಗ ಒಲೀಕ್ ಆಮ್ಲ ಹೆಚ್ಚಿರುವ ತಳಿಯ ಸೂರ್ಯಕಾಂತಿ ಎಣ್ಣೆಯೂ ಬರುತ್ತಿದೆ. ಪ್ಯಾಕೆಟ್ ಮೇಲೆ ‘ಹೈ ಒಲೀಕ್’ ಎಂದು ಇದ್ದರೆ ಅದು ಮಗುವಿಗೆ ಬೇಡ.

ಕೊಬ್ಬರಿ ಎಣ್ಣೆಯಲ್ಲಿ ಸುಮಾರು ಅರ್ಧಪಾಲು ಲಾರಿಕ್ ಆಮ್ಲ. ಲಿನೋಲಿಕ್ ಬಹಳ ಕಡಿಮೆ, ಆದರೆ ಒಲೀಕ್ ಕೂಡ ಕಡಿಮೆಯೇ. ದೆಹಲಿಯಲ್ಲಿ 1,500 ಗ್ರಾಂಗೂ ಕಡಿಮೆ ತೂಕದ ಮಕ್ಕಳಿಗೆ ಇದನ್ನು ಸವರಿದಾಗ ಚರ್ಮದ ಮೂಲಕ ಆವಿಯಾಗುವ ನೀರು ಕಡಿಮೆಯಾಯಿತೆಂದು 2015ರ ಅಧ್ಯಯನ ಹೇಳುತ್ತದೆ. ಕರಾಚಿಯಲ್ಲಿ ದಿನ ತುಂಬದ ಮಕ್ಕಳಲ್ಲಿ ನಡೆದ ಪ್ರಯೋಗದಲ್ಲಿ ಆಸ್ಪತ್ರೆಯ ಸೋಂಕೂ ಕಡಿಮೆಯಾಗಿತ್ತು. ಕರಾವಳಿ, ಮಲೆನಾಡು, ತಿಪಟೂರಿನ ಕಡೆ ಇದು ಕೈಯಳತೆಯಲ್ಲೇ ಸಿಗುತ್ತದೆ. ನನ್ನ ಆಯ್ಕೆ ಕೇಳಿದರೆ ಮೊದಲು ಕೊಬ್ಬರಿ ಎಣ್ಣೆ, ಅನಂತರ ಸಾದಾ ಸೂರ್ಯಕಾಂತಿ. ಗಾಣದ್ದೋ ರೀಫೈಂಡೋ ಎಂಬ ಚರ್ಚೆ ಇಲ್ಲಿ ಅಷ್ಟು ಮುಖ್ಯವಲ್ಲ. ಸುವಾಸನೆ, ಬಣ್ಣ ಬೆರೆಸಿಲ್ಲದ, ಮೊಹರು ಒಡೆಯದ, ಊಟಕ್ಕೆ ಬಳಸಬಹುದಾದ ಎಣ್ಣೆಯಾಗಿರಬೇಕು, ಕಮಟು ವಾಸನೆ ಬಂದಿರಬಾರದು. ತಲೆಗೂದಲಿಗೆಂದು ಮಾರುವ ಸುವಾಸಿತ ಎಣ್ಣೆ ಬೇರೆಯೇ ಪದಾರ್ಥ. ‘ಬೇಬಿ ಆಯಿಲ್’ ಎಂಬುದರಲ್ಲಿ ಬಹಳಷ್ಟು ಸಲ ಇರುವುದು ಖನಿಜ ತೈಲ ಮತ್ತು ಸುಗಂಧ. ಸಸ್ಯಜನ್ಯ ಎಣ್ಣೆಯೆಂದು ತಿಳಿದು ಕೊಳ್ಳಬೇಡಿ.

ಪ್ರಶ್ನೆ: ನಮ್ಮ ಮನೆಯಲ್ಲಿ ಶೇಂಗಾ ಎಣ್ಣೆ ಬಿಟ್ಟರೆ ಬೇರೆ ಎಣ್ಣೆ ತರುವುದಿಲ್ಲ. ಪರಿಚಯದ ಪಂಡಿತರು ಲಾಕ್ಷಾದಿ ತೈಲ ಕೊಟ್ಟಿದ್ದಾರೆ. ಎಂಟನೇ ತಿಂಗಳಿಗೆ ಹುಟ್ಟಿದ ಮಗುವಿಗೆ ಇವೆರಡರಲ್ಲಿ ಯಾವುದನ್ನಾದರೂ ಹಚ್ಚಬಹುದೇ?
(ಬಳ್ಳಾರಿಯ ಓದುಗರು)

ಉತ್ತರ: ಎರಡೂ ಬೇಡ. ಆಹಾರದ ಅಲರ್ಜಿ ಎಷ್ಟೋ ಸಲ ಬಾಯಿಯಿಂದಲ್ಲ, ಚರ್ಮದಿಂದ ಶುರುವಾಗುತ್ತದೆ ಎಂಬ ತಿಳಿವಳಿಕೆ ಕಳೆದ ಎರಡು ದಶಕಗಳಲ್ಲಿ ಗಟ್ಟಿಯಾಗಿದೆ. ಬ್ರಿಟನ್ನಿನ ಏವನ್ ಪ್ರದೇಶದಲ್ಲಿ ಸಾವಿರಾರು ಮಕ್ಕಳನ್ನು ಹುಟ್ಟಿನಿಂದ ಗಮನಿಸಿದ ಅಧ್ಯಯನದ ಆಧಾರದ ಮೇಲೆ 2003ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ಶೇಂಗಾ ಎಣ್ಣೆಯಿದ್ದ ಮುಲಾಮುಗಳನ್ನು ಶೈಶವದಲ್ಲಿ ಹಚ್ಚಿಸಿಕೊಂಡ ಮಕ್ಕಳಲ್ಲಿ ಶೇಂಗಾ ಅಲರ್ಜಿ ಹೆಚ್ಚಾಗಿತ್ತು. ನಮ್ಮ ನಾಡಿನಲ್ಲಿ ಶೇಂಗಾ ಅಲರ್ಜಿ ಅಲ್ಲಿಯಷ್ಟು ಕಾಣುವುದಿಲ್ಲ, ನಿಜ. ಆದರೆ ಗಾಣದ ಎಣ್ಣೆಯಲ್ಲಿ ಬೀಜದ ಪ್ರೋಟೀನಿನ ಅಂಶ ಉಳಿದಿರುತ್ತದೆ, ದಿನ ತುಂಬದ ಮಗುವಿನ ಚರ್ಮ ಅದನ್ನು ತಡೆಯುವಷ್ಟು ಬಲಿತಿರುವುದಿಲ್ಲ. ಕೊಬ್ಬರಿ ಎಣ್ಣೆಯೆಂಬ ಬೇರೆ ದಾರಿ ಇರುವಾಗ ಈ ಗೊಡವೆ ಏಕೆ? ಮುಂದೆ ಮಗು ಅನ್ನ ತಿನ್ನುವ ವಯಸ್ಸಿಗೆ ಬಂದಾಗ ಶೇಂಗಾವನ್ನು ಹಿಟ್ಟಿನ ರೂಪದಲ್ಲಿ ಬಾಯಿಗೆ ಕೊಡುವುದು ಬೇರೆ ವಿಷಯ, ಅದು ಒಳ್ಳೆಯದೇ.

ಎಳ್ಳೂ ಅಲರ್ಜಿ ತರುವ ಕಾಳು. ಲಾಕ್ಷಾದಿ ತೈಲವನ್ನು ಸಾಂಪ್ರದಾಯಿಕವಾಗಿ ಎಳ್ಳೆಣ್ಣೆಯಲ್ಲಿ ಅರಗು ಮತ್ತು ಹಲವು ಮೂಲಿಕೆಗಳನ್ನು ಸೇರಿಸಿ ಕಾಯಿಸುತ್ತಾರೆ. ಆ ಶಾಸ್ತ್ರದ ಬಗ್ಗೆ ನನಗೆ ಅಗೌರವವಿಲ್ಲ, ಆದರೆ ಹತ್ತಾರು ಮೂಲಿಕೆಗಳ ಸಾರವನ್ನು ಒಟ್ಟಿಗೆ ಹೀರಿಕೊಳ್ಳುವ ಚರ್ಮ ಇದು. ಮಗುವಿನ ಮೈ ಮೇಲೆ ಏನಾದರೂ ಎದ್ದರೆ ಯಾವುದರಿಂದ ಎದ್ದಿತು ಎಂದು ಹುಡುಕಲೂ ಆಗುವುದಿಲ್ಲ. ಅರಿಸಿನ ಹಾಕಿದ ಎಣ್ಣೆಗೂ ಇದೇ ಉತ್ತರ. ಅದು ಮೈಗೆ ಹಳದಿ ಹತ್ತಿಸಿ ಕಾಮಾಲೆಯನ್ನು ಮರೆಮಾಡುತ್ತದೆ, ದಿನ ತುಂಬದ ಮಕ್ಕಳಲ್ಲಿ ಕಾಮಾಲೆಯ ಅಪಾಯವೋ ಹೆಚ್ಚು.

ಪ್ರಶ್ನೆ: ನಾವು ಕೆಲಸದ ನಿಮಿತ್ತ ಲಖನೌದಲ್ಲಿದ್ದೇವೆ. ಇಲ್ಲಿ ಮಾಲೀಶಿಗೆ ಬರುವ ಹೆಂಗಸು ಸಾಸಿವೆ ಎಣ್ಣೆಯನ್ನೇ ಬಳಸುತ್ತಾಳೆ. ಏಳೂವರೆ ತಿಂಗಳಿಗೆ ಹುಟ್ಟಿದ ನನ್ನ ಮಗಳಿಗೆ ಅದು ಸರಿಯೇ?
(ಲಖನೌದಲ್ಲಿರುವ ಕನ್ನಡಿಗ ಓದುಗರು)

ಉತ್ತರ: ಸರಿಯಲ್ಲ. ಸಾಸಿವೆ ಎಣ್ಣೆಯ ಘಾಟಿಗೆ ಕಾರಣವಾದ ಅಂಶ ಚರ್ಮವನ್ನು ಕೆರಳಿಸುತ್ತದೆ. ಹಚ್ಚಿದಾಗ ಬೆಚ್ಚಗೆನಿಸುವುದೂ ಅದರಿಂದಲೇ. 2002ರಲ್ಲಿ ಪ್ರಕಟವಾದ ಇಲಿಗಳ ಮೇಲಿನ ಪ್ರಯೋಗದಲ್ಲಿ ಸಾಸಿವೆ ಎಣ್ಣೆ ಗಾಯಗೊಂಡ ಹೊರಪದರ ಕೂಡಿಕೊಳ್ಳುವುದನ್ನು ತಡಮಾಡಿತು, ಸೂರ್ಯಕಾಂತಿ ಎಣ್ಣೆ ಚುರುಕುಗೊಳಿಸಿತು. ಕಲಬೆರಕೆಯ ಭಯವೂ ಇದೆ: ದತ್ತೂರಿ (ಆರ್ಜಿಮೋನ್) ಬೀಜದ ಎಣ್ಣೆ ಬೆರೆತ ಸಾಸಿವೆ ಎಣ್ಣೆಯಿಂದ 1998ರಲ್ಲಿ ದೆಹಲಿಯಲ್ಲಿ ಮೈಬಾವಿನ ರೋಗ ಹರಡಿ ಜನ ಸತ್ತದ್ದುಂಟು.

ನೀವಿರುವ ಉತ್ತರ ಪ್ರದೇಶದ ಹಳ್ಳಿಗಳಲ್ಲೇ ಈ ಬಗ್ಗೆ ದೊಡ್ಡ ಪ್ರಯೋಗ ನಡೆದಿದೆ. ಕೆಲವು ಹಳ್ಳಿಗಳಲ್ಲಿ ಸಾಸಿವೆ ಎಣ್ಣೆಯ ಮಾಲೀಶನ್ನು ಇದ್ದಂತೆಯೇ ಬಿಟ್ಟು, ಉಳಿದ ಹಳ್ಳಿಗಳಲ್ಲಿ ಸೂರ್ಯಕಾಂತಿ ಎಣ್ಣೆಯನ್ನು ಮೆದುವಾಗಿ ಸವರುವುದನ್ನು ಕಲಿಸಿದರು. ಸುಮಾರು 26 ಸಾವಿರ ಶಿಶುಗಳು ಲೆಕ್ಕಕ್ಕೆ ಬಂದವು. ಒಟ್ಟಾರೆ ಶಿಶುಮರಣದಲ್ಲಿ ವ್ಯತ್ಯಾಸವಾಗಲಿಲ್ಲ. ಆದರೆ 1,500 ಗ್ರಾಂವರೆಗಿನ ಮಕ್ಕಳನ್ನಷ್ಟೇ ಬೇರ್ಪಡಿಸಿ ನೋಡಿದಾಗ ಸಾವು ಅರ್ಧದಷ್ಟು ಇಳಿದಿತ್ತು. ಚಿಕ್ಕ ಗುಂಪನ್ನು ಹೀಗೆ ಬೇರೆ ಮಾಡಿ ತೆಗೆದ ಲೆಕ್ಕವನ್ನು ಅಂತಿಮವೆಂದು ಹಿಡಿಯಬಾರದು. ಹಾಗಿದ್ದರೂ ಆ ಹೆಂಗಸಿನ ಕೈಗೆ ಬೇರೆ ಎಣ್ಣೆ ಕೊಡಲು ನಿಮಗೆ ಇಷ್ಟು ಆಧಾರ ಸಾಕು. ಎಣ್ಣೆ ಬದಲಾದರೆ ಆಕೆ ಬೇಸರಿಸಿಕೊಳ್ಳಲಾರಳು. ಒತ್ತಿ ತಿಕ್ಕಬೇಡ ಎಂದರೆ ಬೇಸರಿಸಿಕೊಳ್ಳಬಹುದು. ಆದರೂ ಹೇಳಿ.

ಪ್ರಶ್ನೆ: ಶೀತವಾಗದಿರಲಿ ಎಂದು ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಕಾಯಿಸಿ ಎದೆಗೆ ಹಚ್ಚುವುದು, ಮೂಗಿಗೆ ಕಿವಿಗೆ ಎರಡೆರಡು ಹನಿ ಬಿಡುವುದು, ನೆತ್ತಿಗೆ ಹರಳೆಣ್ಣೆ ಒತ್ತುವುದು ನಮ್ಮಲ್ಲಿ ರೂಢಿ. ಬೇಗ ಹುಟ್ಟಿದ ಮಗುವಿಗೂ ಮಾಡಬಹುದೇ?
(ತೀರ್ಥಹಳ್ಳಿಯ ಓದುಗರು)

ಉತ್ತರ: ಎಣ್ಣೆಯ ಹೆಸರಿನಲ್ಲಿ ಮಕ್ಕಳಿಗೆ ನಿಜವಾದ ಅಪಾಯ ಬರುವುದು ಇಲ್ಲಿಂದಲೇ, ಆದ್ದರಿಂದ ಬಿಗಿಯಾಗಿಯೇ ಹೇಳುತ್ತೇನೆ. ಕರ್ಪೂರ ಚರ್ಮದಿಂದಲೂ ಉಸಿರಿನಿಂದಲೂ ಒಳಸೇರಿ ಮಕ್ಕಳಲ್ಲಿ ಫಿಟ್ಸ್ ತರಿಸುತ್ತದೆ. ಶೀತಕ್ಕೆ ಹಚ್ಚುವ ಮುಲಾಮುಗಳಲ್ಲೂ ಕರ್ಪೂರವಿರುವುದರಿಂದ ಅವನ್ನೂ ದೂರವಿಡಿ. ನೀಲಗಿರಿ ಎಣ್ಣೆ, ಪುದೀನಾ ಸತ್ವವೂ ಕೂಸಿಗಲ್ಲ. ಟ್ರಂಕಿನಲ್ಲಿ ನುಸಿಗುಳಿಗೆಯ ಜೊತೆ ಇಟ್ಟಿದ್ದ ಹಳೆಯ ಬಟ್ಟೆಯನ್ನು ತೊಳೆದು ಬಿಸಿಲಿಗೆ ಹಾಕದೆ ಮಗುವಿಗೆ ಸುತ್ತಬೇಡಿ. ನುಸಿಗುಳಿಗೆಯಲ್ಲಿರುವ ನ್ಯಾಫ್ಥಲೀನ್ ಎಣ್ಣೆಯಲ್ಲಿ ಕರಗುವ ವಸ್ತುವಾದ್ದರಿಂದ ಎಣ್ಣೆ ಹಚ್ಚಿದ ಮೈಗೆ ಇನ್ನೂ ಸುಲಭವಾಗಿ ಇಳಿಯುತ್ತದೆ, ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಗುವಿನಲ್ಲಿ ಕೆಂಪು ರಕ್ತಕಣಗಳನ್ನು ಒಡೆದು ತೀವ್ರ ಕಾಮಾಲೆ ತರುತ್ತದೆ.

ಮೂಗಿಗೆ ಬಿಟ್ಟ ಎಣ್ಣೆ ಗಂಟಲಿಗೆ ಇಳಿದು ಶ್ವಾಸಕೋಶ ಸೇರಿದರೆ ಅಲ್ಲಿಯೇ ಉಳಿದು ನ್ಯುಮೋನಿಯಾ ಮಾಡುತ್ತದೆ. ದಿನ ತುಂಬದ ಮಗುವಿಗೆ ನುಂಗುವುದನ್ನೂ ಉಸಿರಾಡುವುದನ್ನೂ ಹೊಂದಿಸಿಕೊಳ್ಳುವ ಶಕ್ತಿ ಇನ್ನೂ ಬಂದಿರುವುದಿಲ್ಲ, ಕೆಮ್ಮಿ ಹೊರಹಾಕುವ ಶಕ್ತಿಯೂ ಕಡಿಮೆ. ಕಿವಿಗೆ, ಹೊಕ್ಕುಳಿಗೆ ಕೂಡ ಎಣ್ಣೆ ಬೇಡ. ನೆತ್ತಿಯ ಮೇಲೆ ಹರಳೆಣ್ಣೆಯನ್ನು ತೆಳುವಾಗಿ ಸವರಿದರೆ ದೊಡ್ಡ ಹಾನಿಯೇನೂ ಇಲ್ಲ, ಅದರಿಂದ ನೆತ್ತಿ ಬೇಗ ಕೂಡಿಕೊಳ್ಳುವುದೂ ಇಲ್ಲ. ಒತ್ತುವುದು, ಎಣ್ಣೆ ನೆನೆಸಿದ ಬಟ್ಟೆ ಇಡುವುದು ಬೇಡ. ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ: ಎರೆದ ಮೇಲಿನ ಸಾಂಬ್ರಾಣಿ ಹೊಗೆಯನ್ನು ಈ ಮಗುವಿಗೆ ಪೂರ್ತಿ ಬಿಟ್ಟುಬಿಡಿ.

ಪ್ರಶ್ನೆ: ನನ್ನ ಮಗು ಇನ್ನೂ ಜಿಲ್ಲಾಸ್ಪತ್ರೆಯ ನವಜಾತ ಶಿಶು ಘಟಕದಲ್ಲಿದೆ. ದಿನಾ ಎದೆಗೆ ಅಪ್ಪಿಕೊಂಡು ಕಾಂಗರೂ ಆರೈಕೆ ಮಾಡುತ್ತೇನೆ. ಮನೆಯಿಂದ ಎಣ್ಣೆ ತಂದು ಹಚ್ಚಲೇ?
(ಕೊಪ್ಪಳದ ಓದುಗರು)

ಉತ್ತರ: ಘಟಕದ ವೈದ್ಯರು ಹೇಳದೆ ಹಚ್ಚಬೇಡಿ. ಎಣ್ಣೆಯ ಮೈಗೆ ಡ್ರಿಪ್ಪಿನ ಟೇಪೂ ಉಷ್ಣತೆ ಅಳೆಯುವ ತಂತಿಯೂ ನಿಲ್ಲುವುದಿಲ್ಲ. ಆ ತಂತಿ ಕಳಚಿಕೊಂಡರೆ, ಮಗುವನ್ನು ಬೆಚ್ಚಗಿಡುವ ವಾರ್ಮರ್ ಯಂತ್ರ ತಪ್ಪು ಲೆಕ್ಕ ಹಿಡಿದು ಮಗುವನ್ನು ಅತಿಯಾಗಿ ಕಾಯಿಸುತ್ತದೆ. ನೀವು ಈಗ ಮಾಡುತ್ತಿರುವ ಕಾಂಗರೂ ಆರೈಕೆಯೇ ಮಗುವಿಗೆ ಎಣ್ಣೆಗಿಂತ ಹೆಚ್ಚು ಉಪಕಾರಿ. ಆ ಆರೈಕೆಯನ್ನು ಎಲ್ಲ ತಾಯಂದಿರಿಗೂ ತಲುಪಿಸುವ ಬಗೆಯನ್ನು ಪರೀಕ್ಷಿಸಲು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನ ಯೋಜನೆ ಆರಿಸಿಕೊಂಡ ಜಿಲ್ಲೆಗಳಲ್ಲಿ ನಿಮ್ಮ ಕೊಪ್ಪಳವೂ ಒಂದು. ಮಗುವಿನ ಎದೆ, ನಿಮ್ಮ ಎದೆ ಎರಡೂ ಒಣಗಿದ್ದರೆ ಮಗು ಜಾರದೆ ಭದ್ರವಾಗಿರುತ್ತದೆ. ಮುಂದೆ ಎಣ್ಣೆ ಹಚ್ಚಲು ಒಪ್ಪಿಗೆ ಸಿಕ್ಕಾಗಲೂ ಹಚ್ಚಿ, ಹೆಚ್ಚಿದ್ದನ್ನು ಒರೆಸಿ, ಆಮೇಲೆ ಅಪ್ಪಿಕೊಳ್ಳಿ.

ಪ್ರಶ್ನೆ: ಕೊಬ್ಬರಿ ಎಣ್ಣೆ ಹಚ್ಚಲು ಶುರುಮಾಡಿದ ಮೇಲೆ ಮಗುವಿನ ಕುತ್ತಿಗೆ, ಕಂಕುಳಲ್ಲಿ ಸಣ್ಣ ಕೆಂಪು ಗುಳ್ಳೆ ಎದ್ದಿವೆ. ಎಣ್ಣೆ ಬದಲಿಸಬೇಕೇ?
(ಮಂಗಳೂರಿನ ಓದುಗರು)

ಉತ್ತರ: ಬದಲಿಸುವ ಮೊದಲು ನಿಲ್ಲಿಸಿ. ನಿಮ್ಮ ಊರಿನ ಸೆಕೆಗೆ ಎಣ್ಣೆ ಬೆವರಿನ ರಂಧ್ರಗಳನ್ನು ಮುಚ್ಚಿದಾಗ ಬೆವರುಸಾಲೆ ಏಳುವುದು ಸಾಮಾನ್ಯ. ಮಡಿಕೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿದರೆ ಎರಡು ಮೂರು ದಿನಗಳಲ್ಲಿ ಇಳಿಯುತ್ತದೆ. ಮತ್ತೆ ಶುರುಮಾಡಬೇಕೆಂದಿದ್ದರೆ ಮಡಿಕೆಗಳನ್ನು ಬಿಟ್ಟು ಕೈಕಾಲಿಗೆ ಮಾತ್ರ ಸವರಿ, ಮಾರ್ಚಿಯಿಂದ ಮೇವರೆಗೆ ಪೂರ್ತಿ ಬಿಟ್ಟರೂ ಮಗುವಿಗೆ ನಷ್ಟವಿಲ್ಲ. ಮಡಿಕೆಯಲ್ಲಿ ಹಸಿ ಕೆಂಪು, ಸುತ್ತ ಚಿಕ್ಕ ಚುಕ್ಕೆಗಳಿದ್ದರೆ ಅದು ಶಿಲೀಂಧ್ರದ ಸೋಂಕಾಗಿರಬಹುದು, ಮುಲಾಮು ಬೇಕಾಗುತ್ತದೆ. ಆದರೆ ಗುಳ್ಳೆಯಲ್ಲಿ ಕೀವು ತುಂಬಿದ್ದರೆ, ಚರ್ಮ ಸುಲಿಯುತ್ತಿದ್ದರೆ, ಮಗು ಹಾಲು ಕುಡಿಯುವುದನ್ನು ಕಡಿಮೆ ಮಾಡಿದ್ದರೆ, ಮೈ ತಣ್ಣಗೋ ಬಿಸಿಯೋ ಆಗಿದ್ದರೆ, ಎಬ್ಬಿಸಿದರೂ ಮಂಕಾಗಿದ್ದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಹೋಗುವಾಗ ಹಚ್ಚಿದ ಎಣ್ಣೆಯ ಸೀಸೆಯನ್ನೂ ಜೊತೆಗೆ ತೆಗೆದುಕೊಂಡು ಹೋಗಿ.